ಬಾನೆಟ್ ಬಿಸಿ ಇತ್ತು: ಹಳೇ ಕಾರು ಮಾರುವವರು ಎಷ್ಟು ಹೇಳಬೇಕು?

ನಮ್ಮ ಹಳೇ ಕಾರು ಮಾರುವಾಗ ನಾನೊಂದು ಸಣ್ಣ ಚಾಲಾಕಿತನ ಮಾಡಿದ್ದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನಿಂದ ಐದಾರು ಸೆಕೆಂಡು ಕಟಕಟ ಅಂತ ಸದ್ದು ಬರುತ್ತಿತ್ತು. ಬಿಸಿಯಾದ ಮೇಲೆ ಏನೂ ಇಲ್ಲ. ಕಾರು ನೋಡಲು ಬರುತ್ತೇವೆ ಅಂತ ಫೋನ್ ಬಂತು. ಅವರು ಬರುವ ಅರ್ಧ ಗಂಟೆ ಮುಂಚೆ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದೆ.

ಬಂದವರು ಒಬ್ಬ ಹುಡುಗ, ಜೊತೆಗೆ ಅವನ ತಂದೆ. ಹುಡುಗ ಸೀಟು, ಸ್ಟೀರಿಯೊ ನೋಡುತ್ತಿದ್ದ. ತಂದೆ ನೇರವಾಗಿ ಮುಂದೆ ಬಂದು ಬಾನೆಟ್ ಮೇಲೆ ಅಂಗೈ ಇಟ್ಟರು.

"ಈಗಷ್ಟೇ ಓಡಿಸಿದ್ರಾ?"

ನಾನು ಸುಳ್ಳು ಹೇಳಿರಲಿಲ್ಲ. ಎಂಜಿನ್ ಬಗ್ಗೆ ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ. ಆದರೂ ಬಾನೆಟ್ಟಿಗಿಂತ ನನ್ನ ಮುಖವೇ ಜಾಸ್ತಿ ಬಿಸಿಯಾಯಿತು.

ಹಳೇ ಕಾರನ್ನು ಈಗ ದಲ್ಲಾಳಿ ಇಲ್ಲದೆ ಯಾರು ಬೇಕಾದರೂ ಮಾರಬಹುದು. ಫೋನಿನಲ್ಲಿ ನಾಲ್ಕು ಫೋಟೊ ತೆಗೆದು ಹಾಕಿದರೆ ಸಾಕು, ಸಂಜೆಯೊಳಗೆ ಯಾರೋ ಕೇಳಿಕೊಂಡು ಬರುತ್ತಾರೆ. ಹೀಗೆ ಮಾರುವವರಲ್ಲಿ ಹೆಚ್ಚಿನವರಿಗೆ ವ್ಯಾಪಾರ ಹೊಸದು. ಜೀವನದಲ್ಲಿ ಎರಡೋ ಮೂರೋ ಸಲ ಮಾರುತ್ತಾರೆ ಅಷ್ಟೆ. ಏನು ಹೇಳಬೇಕು, ಏನನ್ನು ಹೇಳದಿದ್ದರೂ ತಪ್ಪಿಲ್ಲ, ಎಲ್ಲಿಂದ ಮೋಸ ಶುರುವಾಗುತ್ತದೆ? ಈ ಪ್ರಶ್ನೆಗೆ ಎರಡು ಸಾವಿರ ವರ್ಷದ ಇತಿಹಾಸವಿದೆ. ಕಾರು ಬಂದದ್ದು ಆಮೇಲೆ.

ಗೊತ್ತಿರುವುದು ಒಬ್ಬರಿಗೆ, ದುಡ್ಡು ಕೊಡುವವರು ಇನ್ನೊಬ್ಬರು

ಎಲ್ಲದರ ಬೇರು ಒಂದೇ ಕಡೆ ಇದೆ. ಎಂಟು ವರ್ಷ ಓಡಿಸಿದವರಿಗೆ ಕಾರಿನ ಕೆಮ್ಮು, ನೆಗಡಿ ಎಲ್ಲವೂ ಗೊತ್ತು. ಯಾವ ತಿರುವಿನಲ್ಲಿ ಯಾವ ಚಕ್ರ ಕಿರ್ ಅನ್ನುತ್ತದೆ ಅನ್ನುವುದೂ ಗೊತ್ತು. ಕೊಳ್ಳುವವರಿಗೆ ಸಿಗುವುದು ಅರ್ಧ ಗಂಟೆ, ಒಂದು ಸುತ್ತಿನ ಟೆಸ್ಟ್ ಡ್ರೈವ್. ಈ ಅಂತರಕ್ಕೆ ಅರ್ಥಶಾಸ್ತ್ರದಲ್ಲಿ 'ಮಾಹಿತಿಯ ಅಸಮಾನತೆ' ಅನ್ನುತ್ತಾರೆ.

ಇದರಿಂದ ಇಡೀ ಮಾರುಕಟ್ಟೆಯೇ ಹೇಗೆ ಹಾಳಾಗಬಹುದು ಅಂತ ತೋರಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದ ಉದಾಹರಣೆ ಹಳೇ ಕಾರುಗಳದ್ದೇ. ಅದಕ್ಕೆ ಮುಂಚೆ ಮೂರು ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು. 2001ರಲ್ಲಿ ಮೈಕಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಲೆಕ್ಕ ಸರಳ. ಒಳ್ಳೇ ಹಳೇ ಕಾರಿನ ಬೆಲೆ 100, ಕೆಟ್ಟದ್ದರ ಬೆಲೆ 40 ಅಂದುಕೊಳ್ಳಿ. ಮಾರಾಟಕ್ಕಿರುವುದರಲ್ಲಿ ಅರ್ಧ ಒಳ್ಳೇದು, ಅರ್ಧ ಕೆಟ್ಟದ್ದು. ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಆಗ ಕೊಳ್ಳುವವರು ಏನು ಮಾಡುತ್ತಾರೆ? ನಡುವಿನ ಬೆಲೆ, ಅಂದರೆ 70, ಕೊಡಲು ಒಪ್ಪುತ್ತಾರೆ. ಕೆಟ್ಟ ಕಾರಿನವರಿಗೆ ಹಬ್ಬ. ಒಳ್ಳೇ ಕಾರಿನವರು ಮಾತ್ರ "ಇಷ್ಟಕ್ಕೆ ಕೊಡುವುದಕ್ಕಿಂತ ಮನೆಯಲ್ಲೇ ಇರಲಿ" ಅಂತ ಹಿಂದೆ ಸರಿಯುತ್ತಾರೆ. ಉಳಿದದ್ದರಲ್ಲಿ ಕೆಟ್ಟದ್ದೇ ಜಾಸ್ತಿ. ಅದು ಗೊತ್ತಾದಂತೆ ಬೆಲೆ ಇನ್ನೂ ಇಳಿಯುತ್ತದೆ. ಕೊನೆಗೆ ಒಳ್ಳೇ ಕಾರು ಮಾರಲು ಬಂದವರನ್ನೂ ಜನ ಅನುಮಾನದಿಂದಲೇ ನೋಡುತ್ತಾರೆ.

ಅಂದರೆ ಯಾರೋ ಮುಚ್ಚಿಟ್ಟ ದೋಷಕ್ಕೆ ದಂಡ ಕಟ್ಟುವವರು ಅವರ ಗಿರಾಕಿ ಮಾತ್ರ ಅಲ್ಲ. ಮುಂದಿನ ವಾರ ಪ್ರಾಮಾಣಿಕವಾಗಿ ಮಾರಲು ಹೋಗುವ ಅಪರಿಚಿತರೂ ಒಂದಿಷ್ಟು ಕಟ್ಟುತ್ತಾರೆ.

ಸುಮ್ಮನಿದ್ದರೆ ಅದು ಸುಳ್ಳೇ?

ಕ್ರಿ.ಪೂ. 44ರಲ್ಲಿ ರೋಮಿನ ವಾಗ್ಮಿ ಸಿಸೆರೋ ಒಂದು ಕತೆ ಬರೆದ. ರೋಡ್ಸ್ ದ್ವೀಪದಲ್ಲಿ ಬರ, ಧಾನ್ಯಕ್ಕೆ ವಿಪರೀತ ಬೆಲೆ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕ ಹಡಗಿನ ತುಂಬ ಧಾನ್ಯ ತರುತ್ತಾನೆ. ಧಾನ್ಯ ಹೊತ್ತ ಇನ್ನೂ ಹಲವು ಹಡಗುಗಳು ಅದೇ ದ್ವೀಪಕ್ಕೆ ಬರುತ್ತಿರುವುದನ್ನು ಅವನು ದಾರಿಯಲ್ಲಿ ನೋಡಿದ್ದಾನೆ. ಅದನ್ನು ದ್ವೀಪದವರಿಗೆ ಹೇಳಬೇಕೇ? ಅಥವಾ ಸುಮ್ಮನಿದ್ದು ಸಿಕ್ಕಷ್ಟು ಬೆಲೆಗೆ ಮಾರಬಹುದೇ?

ಇಬ್ಬರು ತತ್ವಜ್ಞಾನಿಗಳು ಇದರ ಬಗ್ಗೆ ಬೇರೆ ಬೇರೆ ಹೇಳುತ್ತಾರೆ. ಬ್ಯಾಬಿಲೋನಿನ ಡಯೋಜನಿಸ್ ಪ್ರಕಾರ ಮುಚ್ಚಿಡುವುದು ಬೇರೆ, ಹೇಳದಿರುವುದು ಬೇರೆ. ಕಾನೂನು ಹೇಳು ಅಂದಷ್ಟನ್ನು ಹೇಳಿದರೆ ಸಾಕು. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕು ಅನ್ನುತ್ತಾನೆ. ಅದಕ್ಕೆ ಡಯೋಜನಿಸ್ ಕಡೆಯಿಂದ ಬರುವ ಉತ್ತರದಲ್ಲಿ ನಗು ಇದೆ: 'ರೋಗ ತರುವ ಮನೆ ಮಾರಾಟಕ್ಕಿದೆ' ಅಂತ ಯಾರಾದರೂ ಡಂಗುರ ಹೊಡೆಸುತ್ತಾರೆಯೇ?

ಸಿಸೆರೋ ಕೊನೆಗೆ ಆಂಟಿಪೇಟರ್ ಕಡೆಗೇ ವಾಲುತ್ತಾನೆ. ಎಲ್ಲ ಮೌನವೂ ಮುಚ್ಚುಮರೆಯಲ್ಲ ಅಂತ ಅವನೂ ಒಪ್ಪುತ್ತಾನೆ. ಆದರೆ ನನ್ನ ಲಾಭಕ್ಕೋಸ್ಕರ, ಎದುರಿನವರಿಗೆ ಬೇಕಾದ ವಿಷಯ ಅವರಿಗೆ ಗೊತ್ತಾಗದಿರಲಿ ಅಂತ ನಾನು ಬಯಸಿದರೆ, ಅದು ಮುಚ್ಚಿಟ್ಟ ಹಾಗೆಯೇ.

ಈ ಅಳತೆಗೋಲು ನನಗೆ ಇಷ್ಟ. ಹಾಡುಪೆಟ್ಟಿಗೆಯ ಒಂದು ಗುಂಡಿ ಕೆಟ್ಟಿದೆ ಅನ್ನುವುದು ಮರೆತು ಹೋಗಿ ಹೇಳದಿದ್ದರೆ ಅದು ಬರೀ ಮರೆವು. ಗೇರ್‌ಬಾಕ್ಸ್ ಸದ್ದು ಮಾಡುತ್ತದೆ, ಟೆಸ್ಟ್ ಡ್ರೈವಿನಲ್ಲಿ ಅವರು ಮೂರನೇ ಗೇರಿಗೆ ಹಾಕದಿದ್ದರೆ ಸಾಕಪ್ಪ ಅಂತ ಪಕ್ಕದ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತರೆ? ಅದನ್ನು ಮರೆವು ಅನ್ನುವುದು ಕಷ್ಟ.

ಒಕ್ಕಣ್ಣಿನ ಕುದುರೆ

ಹಾಗಂತ ಪ್ರತಿಯೊಂದು ಗೀರನ್ನೂ ಪಟ್ಟಿ ಮಾಡಿ ಓದಬೇಕಾ? ಬೇಕಿಲ್ಲ. 13ನೇ ಶತಮಾನದಲ್ಲಿ ಕ್ರೈಸ್ತ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದಕ್ಕೊಂದು ಚೆಂದದ ಉದಾಹರಣೆ ಕೊಟ್ಟಿದ್ದಾರೆ. ಕುದುರೆಗೆ ಒಂದು ಕಣ್ಣಿಲ್ಲ ಅಂದರೆ ಅದು ನೋಡಿದವರಿಗೆಲ್ಲ ಕಾಣುತ್ತದೆ. ಬೆಲೆಯಲ್ಲಿ ಅದಕ್ಕೆ ತಕ್ಕ ಹಾಗೆ ಇಳಿಸಿದರೆ ಬಾಯಿಬಿಟ್ಟು ಹೇಳಬೇಕಿಲ್ಲ. ಕುಂಟುವ ಕುದುರೆಯನ್ನು ವೇಗದ ಕುದುರೆ ಅಂತ ಮಾರುವುದು ಬೇರೆ ಮಾತು. ಕಣ್ಣಿಗೆ ಕಾಣದ, ನಷ್ಟವನ್ನೋ ಅಪಾಯವನ್ನೋ ತರುವ ದೋಷವನ್ನು ಹೇಳಲೇಬೇಕು.

ಬಾಗಿಲಿನ ಮೇಲಿನ ನೆಗ್ಗು, ಸವೆದ ಸೀಟು, ಬಣ್ಣ ಮಾಸಿದ ಬಂಪರ್, ಇವೆಲ್ಲ ಒಕ್ಕಣ್ಣು. ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಹಾಗೆ ಕಾಣುವ ಜಿಡ್ಡು ಕುಂಟುಗಾಲು ಇರಬಹುದು. ಎಂಜಿನ್ ತಣ್ಣಗಿಡುವ ಕೂಲಂಟ್ ನೀರು ಆಯಿಲ್ ಜೊತೆ ಬೆರೆಯುತ್ತಿದೆ, ಅಂದರೆ ಅವೆರಡನ್ನೂ ಬೇರೆಯಾಗಿಡುವ ಹೆಡ್ ಗ್ಯಾಸ್ಕೆಟ್ ಅನ್ನುವ ಸೀಲ್ ಹೋಗಿದೆ ಅನ್ನುವುದರ ಗುರುತು ಇರಬಹುದು ಅದು. (ಬರೀ ಚಳಿಯಲ್ಲಿ ಸ್ವಲ್ಪ ಸ್ವಲ್ಪವೇ ಓಡಿಸಿದ ಕಾರಿನಲ್ಲೂ ಹಾಗೆ ಕಟ್ಟುವುದುಂಟು.)

'ಕಾಣುತ್ತದೆ' ಅನ್ನುವುದೂ ನೋಡುವವರ ಮೇಲೆ ನಿಂತ ಮಾತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ ಟೈರು. ಮೆಕ್ಯಾನಿಕ್ಕಿಗೆ ಇದು ಹಣೆಬರಹದ ಹಾಗೆ ಎದ್ದು ಕಾಣುತ್ತದೆ. ಮೊದಲ ಕಾರು ಕೊಳ್ಳುವ ಹುಡುಗಿಗೆ ಅದು ಬರೀ ಅಂಕಿ. ಎದುರಿಗಿರುವವರು ಎಷ್ಟು ತಿಳಿದವರು ಅನ್ನುವುದರ ಮೇಲೆ ನಮ್ಮ ಬಾಯಿ ಎಷ್ಟು ತೆರೆಯಬೇಕು ಅನ್ನುವುದೂ ಬದಲಾಗುತ್ತದೆ.

ಬಾಯಿ ಬಿಡದೆ ಹೇಳುವ ಸುಳ್ಳು

ಸುಳ್ಳಿಗೆ ಮಾತೇ ಬೇಕು ಅಂತಿಲ್ಲ. ಹಳೇ ಕಾರಿನ ವ್ಯಾಪಾರದಲ್ಲಿ ದೊಡ್ಡ ಸುಳ್ಳುಗಳನ್ನು ಕೈಯೇ ಹೇಳುತ್ತದೆ.

ಎಲ್ಲರಿಗೂ ಗೊತ್ತಿರುವುದು ಮೀಟರ್ ಹಿಂದಕ್ಕೆ ತಿರುಗಿಸುವುದು. ಹಿಂದೆ ಹಲ್ಲಿನ ಚಕ್ರಗಳ ಮೀಟರ್ ಇದ್ದಾಗ ಡ್ರಿಲ್ ಹಾಕಿ ತಿರುಗಿಸುತ್ತಿದ್ದರು. ಈಗ ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸಣ್ಣ ಯಂತ್ರ ಸಿಕ್ಕಿಸಿ ಅಂಕಿ ಬದಲಿಸುತ್ತಾರೆ. ಅಮೆರಿಕವೊಂದರಲ್ಲೇ ವರ್ಷಕ್ಕೆ 4.5 ಲಕ್ಷಕ್ಕಿಂತ ಹೆಚ್ಚು ವಾಹನಗಳು ಸುಳ್ಳು ಮೀಟರ್ ಜೊತೆ ಮಾರಾಟವಾಗುತ್ತವೆ ಅಂತ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜು. ಆದರೆ ಮೀಟರ್ ತಿರುಗಿದರೂ ಪೆಡಲಿನ ರಬ್ಬರ್ ತಿರುಗುವುದಿಲ್ಲ. 40 ಸಾವಿರ ಕಿ.ಮೀ. ಓಡಿದ ಕಾರಿನ ಬ್ರೇಕ್ ಪೆಡಲ್ ನುಣ್ಣಗೆ ಸವೆದು ಹೊಳೆಯುತ್ತಿದ್ದರೆ ಯಾವುದೋ ಒಂದು ಸುಳ್ಳು ಹೇಳುತ್ತಿದೆ, ರಬ್ಬರ್ ಅಂತೂ ಅಲ್ಲ.

ಅಷ್ಟು ಪ್ರಸಿದ್ಧವಲ್ಲದ ಇನ್ನೊಂದಿದೆ. ಎಂಜಿನ್ ಲೈಟ್ ಹತ್ತಿಕೊಂಡಿದೆ ಅನ್ನಿ. ದೋಷದ ಕೋಡ್ ಅಳಿಸಿಬಿಟ್ಟರೆ ಲೈಟ್ ಆರಿಹೋಗುತ್ತದೆ. ಹಲವು ಕಾರುಗಳಲ್ಲಿ ಬ್ಯಾಟರಿ ವೈರ್ ಬಿಚ್ಚಿ ಹಾಕಿದರೂ ಆದೀತು. ದೋಷ ಇದ್ದಲ್ಲೇ ಇರುತ್ತದೆ, ಕೆಲವು ದಿನ ಓಡಿದ ಮೇಲೆ ಲೈಟ್ ಮತ್ತೆ ಬರುತ್ತದೆ. ಅಷ್ಟರಲ್ಲಿ ಕಾರು ಬೇರೆಯವರ ಮನೆ ಮುಂದೆ. ಕಾರಿನ ಕಂಪ್ಯೂಟರ್ ಮಾತ್ರ ಇದನ್ನು ಅಷ್ಟು ಬೇಗ ಮರೆಯುವುದಿಲ್ಲ. ಕೋಡ್ ಅಳಿಸಿದಾಗ ಅದರ ಒಳಗಿನ ತಪಾಸಣೆಗಳೆಲ್ಲ 'ಇನ್ನೂ ಮುಗಿದಿಲ್ಲ' ಅನ್ನುವ ಸ್ಥಿತಿಗೆ ಹೋಗುತ್ತವೆ. ಸ್ಕ್ಯಾನರ್ ಹಾಕಿ ನೋಡಿದ ಮೆಕ್ಯಾನಿಕ್ "ಇದನ್ನು ಮೊನ್ನೆ ಮೊನ್ನೆ ಯಾರೋ ಅಳಿಸಿದ್ದಾರೆ" ಅಂತ ಹೇಳಬಲ್ಲ.

ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು, ಸದ್ದು ಅಡಗಲಿ ಅಂತ ಗಟ್ಟಿ ಆಯಿಲ್ ಹಾಕುವುದು ಇದೇ ಜಾತಿ. ನನ್ನ ಬಿಸಿ ಬಾನೆಟ್ ಕೂಡ. ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್ ಕೆಳಗಿಳಿದು ತಳದಲ್ಲಿ ಕೂತಿರುತ್ತದೆ. ಸ್ಟಾರ್ಟ್ ಮಾಡಿದಾಗ ಅದು ಪಂಪಿನಿಂದ ಮೇಲೇರಿ ಒತ್ತಡ ಬರುವವರೆಗೆ ಸವೆದ ಭಾಗಗಳು ಕಟಕಟ ಅನ್ನುತ್ತವೆ. ಬಿಸಿ ಎಂಜಿನ್ನಿನಲ್ಲಿ ಈ ಸದ್ದು ಕೇಳುವುದಿಲ್ಲ. ತಿಳಿದವರು ತಣ್ಣಗಿರುವ ಕಾರನ್ನೇ ನೋಡಬೇಕು ಅನ್ನುವುದು ಇದಕ್ಕೇ.

ಕಾರು ತೊಳೆಯುವುದು, ಪಾಲಿಶ್ ಹೊಡೆಸುವುದು ಮೋಸವೇ? ಅಲ್ಲ. ಕೊಳ್ಳುವವರಿಗೂ ಗೊತ್ತು ಅದು ಹೊಳಪು ಅಂತ. ಹೊಳೆಯುವ ಬಾನೆಟ್ ನೋಡಿ ಯಾರೂ ಎಂಜಿನ್ ಚೆನ್ನಾಗಿದೆ ಅಂದುಕೊಳ್ಳುವುದಿಲ್ಲ. ಆದರೆ ಆರಿದ ಎಚ್ಚರಿಕೆ ಲೈಟ್ ನೋಡಿದರೆ ಹಾಗೇ ಅಂದುಕೊಳ್ಳುತ್ತಾರೆ.

ಇನ್ನು ಅರ್ಧ ಸತ್ಯ. "ಆಕ್ಸಿಡೆಂಟ್ ಆಗಿದೆಯಾ?" ಅಂತ ಕೇಳಿದರೆ "ನನ್ನ ಕೈಯಲ್ಲಿ ಆಗಿಲ್ಲ" ಅನ್ನುವುದು. ಹಿಂದಿನ ಯಜಮಾನರ ಕೈಯಲ್ಲಿ ಆಗಿತ್ತು ಅನ್ನುವುದು ಗೊತ್ತಿದ್ದೂ. ಪ್ರತಿ ಪದವೂ ನಿಜ, ಒಟ್ಟು ಮಾತು ಸುಳ್ಳು. ಅಶ್ವತ್ಥಾಮ ಸತ್ತ ಅಂತ ಗಟ್ಟಿಯಾಗಿ ಹೇಳಿ, ಆನೆ ಅನ್ನುವುದನ್ನು ಮೆಲ್ಲಗೆ ನುಂಗಿದ ಧರ್ಮರಾಯನದೂ ಇದೇ ವರಸೆ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆಗಲೇ ನೆಲಕ್ಕಿಳಿಯಿತಂತೆ. ಗಾಡಿಗೂ ಮಾತಿಗೂ ಇರುವ ನಂಟು ಹಳೆಯದು, ಅಲ್ವಾ?

ಜೀವದ ವಿಷಯ

ಇಲ್ಲಿ ಲೆಕ್ಕ ಬದಲಾಗುತ್ತದೆ. ಎ.ಸಿ. ಕೆಲಸ ಮಾಡದಿದ್ದರೆ ಕೊಂಡವರಿಗೆ ಸೆಕೆ, ಜೇಬಿಗೆ ಖರ್ಚು. ಬ್ರೇಕ್ ಕೈಕೊಟ್ಟರೆ ರಸ್ತೆ ದಾಟುತ್ತಿದ್ದ ಯಾರೋ ಸಾಯಬಹುದು. ಆ ಯಾರೋ ಈ ವ್ಯಾಪಾರದಲ್ಲಿ ಇರಲಿಲ್ಲ, ಬೆಲೆ ಚೌಕಾಸಿ ಮಾಡಿರಲಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಆದ್ದರಿಂದ "ನೋಡಿಕೊಂಡು ತಗೊಳ್ಳಬೇಕಿತ್ತು" ಅನ್ನುವ ಮಾತು ಜೇಬಿನ ದೋಷಕ್ಕೆ ಒಂದಿಷ್ಟು ಒಪ್ಪಬಹುದು. ಜೀವದ ದೋಷಕ್ಕೆ ಅದು ಹೊಂದುವುದಿಲ್ಲ.

ಬ್ರೇಕ್, ಸ್ಟೀರಿಂಗ್, ಟೈರು, ಸೀಟ್ ಬೆಲ್ಟ್, ಏರ್‌ಬ್ಯಾಗ್, ಚಾಸಿಯ ತುಕ್ಕು, ಪೆಟ್ರೋಲ್ ಸೋರಿಕೆ. ಇವುಗಳಲ್ಲಿ ಗೊತ್ತಿರುವ ದೋಷವನ್ನು ಕೇಳದಿದ್ದರೂ ಹೇಳಬೇಕು ಅನ್ನುವುದರಲ್ಲಿ ನೀತಿಯ ಬಗ್ಗೆ ಬರೆದವರಲ್ಲಿ ಹೆಚ್ಚು ಜಗಳವಿಲ್ಲ. ಇನ್ನೂ ಕಷ್ಟದ ಪ್ರಶ್ನೆ, ಹೇಳಿದರೆ ಮಾತ್ರ ಸಾಕೇ? ಬ್ರೇಕ್ ಇಲ್ಲದ ಕಾರನ್ನು "ಬ್ರೇಕ್ ಇಲ್ಲ ನೋಡಿ" ಅಂತ ಹೇಳಿ ಕೀಲಿ ಕೊಟ್ಟರೆ, ಅವರು ಅದನ್ನೇ ಓಡಿಸಿಕೊಂಡು ಮನೆಗೆ ಹೋಗುತ್ತಾರೆ. ಅಂಥ ಕಾರನ್ನು ರಿಪೇರಿ ಮಾಡಿಸಿ ಕೊಡಬೇಕು, ಇಲ್ಲವೇ ಎಳೆದುಕೊಂಡು ಹೋಗುವ ಷರತ್ತಿನ ಮೇಲೆ ಬಿಡಿಭಾಗಕ್ಕೆ, ಗುಜರಿಗೆ ಮಾರಬೇಕು.

ಏರ್‌ಬ್ಯಾಗಿನದು ಬೇರೆಯದೇ ಕತೆ. ಅಪಘಾತದಲ್ಲಿ ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್ ಮತ್ತೆ ಬಳಸಲು ಬರುವುದಿಲ್ಲ. ಹೊಸದಕ್ಕೆ ದುಬಾರಿ. ಹಾಗಾಗಿ ಖಾಲಿ ಜಾಗಕ್ಕೆ ಮುಚ್ಚಳ ಹಾಕಿ, ವೈರಿಗೆ ಸಣ್ಣ ರೆಸಿಸ್ಟರ್ ಸಿಕ್ಕಿಸಿ ಎಚ್ಚರಿಕೆ ಲೈಟ್ ಆರಿಸಿದ ಕಾರುಗಳು ಸಿಕ್ಕಿವೆ. ಹಿಂದಿನವರು ಮಾಡಿದ್ದು ಈಗಿನವರಿಗೂ ಗೊತ್ತಿರುವುದಿಲ್ಲ.

ಕಂಪನಿಯೇ ವಾಪಸ್ ಕರೆದ ಭಾಗಗಳೂ ಇವೆ. ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಚೀಲ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಅನ್ನುವ ರಾಸಾಯನಿಕ ಬಳಸಿದ್ದರು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಗುಲಿ ಅದು ಹದಗೆಟ್ಟು, ಉಬ್ಬಬೇಕಾದ ಚೀಲದ ಜೊತೆ ಲೋಹದ ಚೂರುಗಳೂ ಸಿಡಿದು ಜನ ಸತ್ತರು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಭಾಗಗಳನ್ನು ವಾಪಸ್ ಕರೆಯಬೇಕಾಯಿತು. ನಿಮ್ಮ ಕಾರಿಗೆ ಇಂಥ ಕರೆ ಬಂದಿದೆಯಾ ಅಂತ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಹಾಕಿ ನೋಡಲು ಎರಡು ನಿಮಿಷ ಸಾಕು. ಇಂಥ ರಿಪೇರಿಗೆ ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇನ್ನೂ ಕೆಟ್ಟಿಲ್ಲ, ಕೆಡಲಿದೆ

ನನ್ನ ಮಟ್ಟಿಗೆ ಅತಿ ಸೂಕ್ಷ್ಮವಾದದ್ದು ಟೈಮಿಂಗ್ ಬೆಲ್ಟ್. ಹಲವು ಎಂಜಿನ್ನುಗಳ ಒಳಗೆ ಹಲ್ಲುಳ್ಳ ಒಂದು ರಬ್ಬರ್ ಪಟ್ಟಿ ಇರುತ್ತದೆ. ಪಿಸ್ಟನ್ ಮೇಲೆ ಬರುವಾಗ ವಾಲ್ವ್ ದಾರಿ ಬಿಡಬೇಕು. ಈ ಹೊಂದಾಣಿಕೆಯನ್ನು ನೋಡಿಕೊಳ್ಳುವುದು ಆ ಪಟ್ಟಿ. ಅದು ಕಿತ್ತುಹೋದರೆ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೇ ಗುದ್ದುತ್ತದೆ. ಒಂದು ರಬ್ಬರಿಗಾಗಿ ಇಡೀ ಎಂಜಿನ್ ಹೋಗುತ್ತದೆ.

ತೊಂದರೆ ಏನೆಂದರೆ, ಕಿತ್ತುಹೋಗುವ ಹಿಂದಿನ ದಿನವೂ ಕಾರು ಬೆಣ್ಣೆಯಂತೆ ಓಡಬಹುದು. ಟೆಸ್ಟ್ ಡ್ರೈವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಅದನ್ನು ಇಷ್ಟು ಕಿ.ಮೀ.ಗೆ ಬದಲಿಸಿ ಅಂತ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಹಲವು ಕಾರುಗಳಲ್ಲಿ ಅದು 1 ಲಕ್ಷ ಕಿ.ಮೀ. ಆಸುಪಾಸು. ಮೀಟರ್ 95 ಸಾವಿರ ತೋರಿಸುತ್ತಿದ್ದಂತೆ 'ಈಗ ಮಾರಿಬಿಡೋಣ' ಅಂತ ಅನ್ನಿಸುವುದು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇದರಲ್ಲಿ ಮೋಸ ಇದೆಯೇ? ಕಾರು ಕೆಟ್ಟಿಲ್ಲ. ಕೈಪಿಡಿ ಗುಟ್ಟಿನ ಪುಸ್ತಕವೂ ಅಲ್ಲ. ಡಯೋಜನಿಸ್ ಇದ್ದಿದ್ದರೆ ಬಿಟ್ಟುಬಿಡು ಅನ್ನುತ್ತಿದ್ದನೇನೋ. ಆದರೆ ಮಾರುವ ಕಾರಣವೇ ಆ ಖರ್ಚು ಆಗಿದ್ದರೆ, ಅದೇ ಕೊಳ್ಳುವವರಿಗೆ ಬೇಕಾದ ಮೊದಲ ಮಾಹಿತಿ. "ಯಾಕೆ ಮಾರ್ತಿದ್ದೀರಾ?" ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಅದಕ್ಕೆ "ಮನೆಯಲ್ಲಿ ಎರಡು ಗಾಡಿ ಆಯ್ತು" ಅಂದರೆ ಮೌನ ಮುಗಿದು ಸುಳ್ಳು ಶುರುವಾಯಿತು. "ಬೆಲ್ಟ್ ಬದಲಿಸಿಲ್ಲ, ಇನ್ನು ಐದು ಸಾವಿರ ಕಿ.ಮೀ.ಗೆ ಬದಲಿಸಬೇಕು" ಅನ್ನುವ ಒಂದು ಸಾಲಿಗೆ ಆಗುವ ನಷ್ಟ ಒಂದು ಬೆಲ್ಟಿನ ಬೆಲೆ, ಕೂಲಿ. ಹೇಳದಿದ್ದರೆ ಅವರಿಗೆ ಹೋಗುವುದು ಎಂಜಿನ್.

ನಿಜವಾಗಲೂ ಗೊತ್ತಿಲ್ಲದಿದ್ದರೆ

ಗೊತ್ತಿಲ್ಲದ್ದನ್ನು ಹೇಳುವ ಹೊಣೆ ಯಾರಿಗೂ ಇಲ್ಲ. ಕಾರಿನ ಮಾಲೀಕರು ಮೆಕ್ಯಾನಿಕ್ ಆಗಿರಬೇಕಿಲ್ಲ. ಆದರೆ ಗೊತ್ತಿಲ್ಲ ಅನ್ನುವುದರಲ್ಲೂ ಬಗೆಗಳಿವೆ. ಒಂದು, ನಿಜವಾಗಲೂ ಗೊತ್ತಿಲ್ಲ. ಇನ್ನೊಂದು, ಅನುಮಾನ ಇದೆ. "ಏನೋ ಸದ್ದು ಬರುತ್ತೆ, ಏನಂತ ತೋರಿಸಿಲ್ಲ" ಅಂತ ಅದನ್ನು ಅನುಮಾನವಾಗಿಯೇ ಹೇಳಬಹುದು. ಮೂರನೆಯದು ಜಾಣ ಅಜ್ಞಾನ. ಮೆಕ್ಯಾನಿಕ್ಕಿಗೆ ತೋರಿಸಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ, ಆದ್ದರಿಂದ ತೋರಿಸುವುದೇ ಬೇಡ. ಇದು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಲೆಕ್ಕ.

"ಗೊತ್ತಿಲ್ಲ" ಅನ್ನುವುದಕ್ಕೂ "ಏನೂ ಇಲ್ಲ" ಅನ್ನುವುದಕ್ಕೂ ಅಜಗಜಾಂತರ. "ಎಂಜಿನ್ ಸೂಪರ್ ಕಂಡೀಷನ್" ಅಂತ ಹಾಕುವ ಮುಂಚೆ, ಅದು ನಮಗೆ ಹೇಗೆ ಗೊತ್ತು ಅಂತ ಒಮ್ಮೆ ಕೇಳಿಕೊಳ್ಳಬಹುದು.

'ಇದ್ದದ್ದು ಇದ್ದ ಹಾಗೆ' ಅನ್ನುವ ಕರಾರು

'ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ' ಅಂತ ಗಾದೆ. ಹಳೇ ಕಾರಿನವರು ಹೇಳುವುದಿಲ್ಲ, ಇದ್ದ ಹಾಗೆ ಮಾರುತ್ತಾರೆ. ಜಗತ್ತಿನ ಎಷ್ಟೋ ಕಡೆ ಖಾಸಗಿ ಮಾರಾಟದ ಕಾಗದದಲ್ಲಿ 'ಆಸ್ ಈಸ್' ಅಂತ ಬರೆಯುತ್ತಾರೆ. ಅರ್ಥ ಇಷ್ಟೆ: ಗ್ಯಾರಂಟಿ ಇಲ್ಲ, ನಾಳೆ ಕೆಟ್ಟರೆ ನನ್ನನ್ನು ಕೇಳಬೇಡಿ.

ಇದರ ಹಿಂದಿರುವುದು 'ಕೇವಿಯಟ್ ಎಂಪ್ಟರ್' ಅನ್ನುವ ಲ್ಯಾಟಿನ್ ಮಾತು. ಕೊಳ್ಳುವವರೇ ಎಚ್ಚರವಾಗಿರಲಿ ಅಂತ. ತಮಾಷೆ ಅಂದರೆ, ಅದೇ ರೋಮಿನ ಸಂತೆಯಲ್ಲಿ ಗುಲಾಮರನ್ನು, ದನ-ಕುದುರೆಗಳನ್ನು ಮಾರುವವರು ದೋಷ ಹೇಳಿಯೇ ಮಾರಬೇಕು ಅಂತ ಅಧಿಕಾರಿಗಳ ಕಟ್ಟಳೆಯೂ ಇತ್ತು. ಇಂದಿಗೂ ಹಲವು ದೇಶಗಳಲ್ಲಿ ಕಾನೂನು ವ್ಯಾಪಾರಿಗಳನ್ನು ಬಿಗಿಯಾಗಿ, ಮನೆಯ ಕಾರು ಮಾರುವವರನ್ನು ಸಡಿಲವಾಗಿ ನೋಡುತ್ತದೆ. ವ್ಯಾಪಾರಿಗೆ ತಪಾಸಣೆಯ ಸಾಧನ ಇದೆ, ಅದೇ ಕಸುಬು ಅನ್ನುವುದು ಕಾರಣ. ಆದರೆ ಸಡಿಲಿಕೆ ಗೊತ್ತಿಲ್ಲದ ದೋಷಕ್ಕೆ. ಬ್ರಿಟನ್ನಿನಲ್ಲಿ ಖಾಸಗಿಯಾಗಿ ಮಾರಿದ ಕಾರೂ ಮಾರುವವರು ವರ್ಣಿಸಿದ ಹಾಗೇ ಇರಬೇಕು. ಜರ್ಮನಿಯ ಸಿವಿಲ್ ಸಂಹಿತೆಯ 444ನೇ ಕಲಮಿನ ಪ್ರಕಾರ, ಬೇಕಂತಲೇ ದೋಷ ಮುಚ್ಚಿಟ್ಟವರು 'ಗ್ಯಾರಂಟಿ ಇಲ್ಲ' ಅನ್ನುವ ಕರಾರಿನ ಹಿಂದೆ ಅಡಗಲು ಬರುವುದಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು

ಬೆಲೆಯ ಬಗ್ಗೆ ಎರಡು ಮಾತು. ಮಾರುವವರು ಜಾಸ್ತಿ ಕೇಳುವುದೆಲ್ಲ ದುರಾಸೆಯಲ್ಲ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಕಪ್ ಕೊಟ್ಟರು. ಕಪ್ ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ್ದಕ್ಕಿಂತ ಸುಮಾರು ಎರಡು ಪಟ್ಟು. ಕೆಲವೇ ನಿಮಿಷ ಕೈಯಲ್ಲಿದ್ದ ಕಪ್ಪಿಗೇ ಹೀಗೆ. ಮಗು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದ ಕಾರು ಅಂದರೆ ಕೇಳಬೇಕೇ? ನಮ್ಮ ಕಾರಿನ ದೋಷ ನಮಗೆ ದೋಷ ಅಂತಲೇ ಅನ್ನಿಸುವುದಿಲ್ಲ. ಹೇಳದಿರುವುದಕ್ಕೆ ಇದೂ ಒಂದು ಕಾರಣ.

"ಕಡಿಮೆಗೇ ಕೊಟ್ಟೆನಲ್ಲ, ಇನ್ನೇನು ಹೇಳುವುದು" ಅನ್ನುವ ಸಮಾಧಾನವೂ ಬಳಕೆಯಲ್ಲಿದೆ. ಬೆಲೆ ಇಳಿಸಿದ್ದು ಕ್ಲಚ್ಚಿಗೋ, ಗೇರ್‌ಬಾಕ್ಸಿಗೋ ಅಂತ ಕೊಂಡವರಿಗೆ ಗೊತ್ತಿಲ್ಲದಿದ್ದರೆ ಅವರು ಅದನ್ನು ನಿಮ್ಮ ಒಳ್ಳೇತನ ಅಂದುಕೊಂಡು ಖುಷಿಯಾಗಿ ಹೋಗುತ್ತಾರೆ, ರಿಪೇರಿಗೆ ದುಡ್ಡು ಎತ್ತಿಡುವುದಿಲ್ಲ.

ಕೊಳ್ಳುವವರೂ ಸಾಚಾ ಏನಲ್ಲ

ಮಾಹಿತಿ ಕೆಲವೊಮ್ಮೆ ತಲೆಕೆಳಗಾಗಿ ಹಂಚಿಹೋಗಿರುತ್ತದೆ. ಗಂಡ ತೀರಿಕೊಂಡ ಮೇಲೆ ಶೆಡ್ಡಿನಲ್ಲಿರುವ ಕಾರು ಮಾರುವ ಅಜ್ಜಿಗೆ ಅದು ಸಂಗ್ರಹಕಾರರು ಹುಡುಕುವ ಅಪರೂಪದ ಮಾದರಿ ಅಂತ ಗೊತ್ತಿಲ್ಲ, ಬಂದವರಿಗೆ ಗೊತ್ತು. ಆಗ ಸಿಸೆರೋನ ಅಳತೆಗೋಲು ಅವರತ್ತ ತಿರುಗುತ್ತದೆ. ಇಲ್ಲದ ದೋಷ ಎತ್ತಿ ಹೆದರಿಸಿ ಬೆಲೆ ಇಳಿಸುವವರಿದ್ದಾರೆ. ಮುಂಗಡ ಕೊಟ್ಟು, ಬೇರೆಯವರನ್ನೆಲ್ಲ ವಾಪಸ್ ಕಳಿಸಿದ ಮೇಲೆ ಕೊನೇ ಗಳಿಗೆಯಲ್ಲಿ "ಇಷ್ಟೇ ಇರೋದು" ಅನ್ನುವವರೂ ಇದ್ದಾರೆ.

ಕೀಲಿ ಕೊಟ್ಟ ಮೇಲೆ

ಇತ್ತೀಚಿನ ಕಾರುಗಳಲ್ಲಿ ಹೊಸದೊಂದು ಸೇರಿಕೊಂಡಿದೆ. ಫೋನಿನ ಆ್ಯಪಿನಿಂದ ಬಾಗಿಲು ತೆಗೆಯುವ, ಕಾರು ಎಲ್ಲಿದೆ ಅಂತ ನೋಡುವ ಸೌಲಭ್ಯ. ಮಾರಿದವರು ತಮ್ಮ ಖಾತೆ ತೆಗೆಯದಿದ್ದರೆ, ಕೊಂಡವರು ದಿನಾ ಎಲ್ಲಿಗೆ ಹೋಗುತ್ತಾರೆ ಅನ್ನುವುದು ಹಳೇ ಮಾಲೀಕರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ. ಖಾತೆಯಿಂದ ಕಾರು ತೆಗೆಯುವುದು, ಸ್ಟೀರಿಯೊದಲ್ಲಿ ಉಳಿದ ಫೋನ್ ನಂಬರ್, ಮನೆ ವಿಳಾಸ ಅಳಿಸುವುದು, ಎರಡನೇ ಕೀಲಿಯನ್ನೂ ಕೊಡುವುದು ಮಾರಾಟದ ಭಾಗವೇ. ಹೆಸರು ವರ್ಗಾವಣೆಯೂ ತಡವಾಗಬಾರದು. ದಂಡ, ಅಪಘಾತ ಎಲ್ಲವೂ ದಾಖಲೆಯಲ್ಲಿರುವ ಹೆಸರನ್ನು ಹುಡುಕಿಕೊಂಡು ಬರುತ್ತವೆ.

ಎರಡು ವಾರದ ಮೇಲೆ ಫೋನ್ ಬಂತು, "ಆಲ್ಟರ್ನೇಟರ್ ಹೋಯ್ತು" ಅಂತ. ದುಡ್ಡು ವಾಪಸ್ ಕೊಡಬೇಕಾ? ಮಾರುವ ದಿನ ಅದರ ಸುಳಿವೇ ಇರದಿದ್ದರೆ ಕೊಡುವ ಹೊಣೆ ಇಲ್ಲ. ಹಳೇ ಕಾರಿನ ಬೆಲೆ ಕಡಿಮೆ ಇರುವುದೇ ಇಂಥದ್ದು ಆಗುತ್ತದೆ ಅಂತ. ಸುಳಿವು ಇತ್ತು ಅಂತಾದರೆ, ಆ ಫೋನ್ ಎತ್ತುವಾಗ ನಮಗೇ ಗೊತ್ತಾಗುತ್ತದೆ.

ಬಾನೆಟ್ ಮೇಲೆ ಕೈ ಇಟ್ಟವರಿಗೆ ನಾನು ಕೊನೆಗೂ ಹೇಳಿದೆ. "ಬೆಳಿಗ್ಗೆ ಸ್ವಲ್ಪ ಸದ್ದು ಬರುತ್ತೆ, ಅದಕ್ಕೇ ಓಡಿಸಿಟ್ಟಿದ್ದೆ." ಅವರು ಬೈಯಲಿಲ್ಲ. "ಹಾಗಾದ್ರೆ ನಾಳೆ ಬೆಳಿಗ್ಗೆ ಬರ್ತೀವಿ, ಮುಟ್ಟಬೇಡಿ" ಅಂದರು. ಮಾರನೇ ದಿನ ಆರೂವರೆಗೇ ಬಂದರು, ಸ್ಟಾರ್ಟ್ ಮಾಡಿಸಿ, ತಲೆ ಬಗ್ಗಿಸಿ ಕೇಳಿದರು. ಕಟಕಟ ಬಂತು, ನಿಂತಿತು. ನಾನು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಕಡಿಮೆ ಬೆಲೆಗೆ ಮಾತು ಮುಗಿಯಿತು. ಕೀಲಿ ತಗೊಳ್ಳುವ ಮುಂಚೆ "ಇನ್ನೇನಾದ್ರೂ ಇದೆಯಾ?" ಅಂದರು.

ಹಿಂದಿನ ಎಡಗಡೆ ಕಿಟಕಿ ಮೇಲೇರುವಾಗ ಗಾಜನ್ನು ಕೈಯಿಂದ ಸ್ವಲ್ಪ ಎತ್ತಬೇಕು ಅಂತ ತೋರಿಸಿಕೊಟ್ಟೆ. ಹುಡುಗ ಎರಡು ಸಲ ಮಾಡಿ ಕಲಿತುಕೊಂಡ.